ಎಲ್ಲರೂ ಲೆವೆಲ್ 1ರಿಂದಲೇ ಶುರು, ಹಾಗಾದ್ರೆ ಮೊದಲು ಯಾವ ಸ್ಕಿಲ್?

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ಮೊದಲು ಯಾವ ಸ್ಕಿಲ್ ಹಿಡೀಲಿ?" ಅಂತ ಕೇಳಿದ. ಅವನು ಇಂಜಿನಿಯರಿಂಗ್ ಕೊನೇ ವರ್ಷ. ನಾನು ಗಂಭೀರವಾಗಿ ಪೈಥಾನ್, ಡೇಟಾ ಅನಾಲಿಟಿಕ್ಸ್ ಅಂತ ಐದು ನಿಮಿಷ ಭಾಷಣ ಬಿಗಿದೆ. ಪೂರ್ತಿ ಕೇಳಿಸಿಕೊಂಡು ಅವನು ಹೇಳಿದ: "ಅಯ್ಯೋ ಅದಲ್ಲ, ನಾನು ಗೇಮ್ ಬಗ್ಗೆ ಕೇಳಿದ್ದು."

ಗೇಮ್ ಅಂದ್ರೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಆ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು, ಯಾಕಂದ್ರೆ ಅದನ್ನು ತಪ್ಪು ಮಾಡಿ ಕಲಿತವನು ನಾನು. ಅದಕ್ಕೂ ಹಿಂದಿನ ವರ್ಷ ನನ್ನ ಕಾಂಟ್ರಾಕ್ಟ್ ಕೆಲಸ ಮುಗಿದು, ಪಿಜಿ ಕೋಣೆಯಲ್ಲಿ ಕೂತು ಅರ್ಜಿ ಮೇಲೆ ಅರ್ಜಿ ಹಾಕುತ್ತಿದ್ದ ದಿನಗಳಲ್ಲಿ ಈ ಗೇಮ್ ಶುರು ಮಾಡಿದ್ದೆ. ಮೊದಲ ಕೆಲವು ವಾರ ಬರೀ ಮರ ಕಡಿದೆ. ವುಡ್‌ಕಟಿಂಗ್ ಲೆವೆಲ್ 60 ಆಯ್ತು. ಮಹಾ ಸಾಧನೆ ಅಂದುಕೊಂಡು ವ್ಯಾರಕ್ ಊರಿನ ಕಡೆ ನಡೆದು ಹೋದೆ. ಊರಿನ ದಕ್ಷಿಣಕ್ಕೆ ಕಲ್ಲಿನ ವೃತ್ತದ ಹತ್ತಿರ ಕಪ್ಪು ಮಂತ್ರವಾದಿಗಳು ನಿಂತಿರುತ್ತಾರೆ. ಕೆಲವೇ ಸೆಕೆಂಡಿನಲ್ಲಿ ನಾನು ಸತ್ತೆ. ಮರ ಕಡಿಯೋದರಲ್ಲಿ 60, ಹೊಡೆದಾಟದ ಒಟ್ಟು ಲೆವೆಲ್ ಮಾತ್ರ ಹೊಸಬರಿಗೆ ಇರುವ ಅದೇ 3.

ಈ ಲೇಖನ ಆ ತಮ್ಮನಿಗೆ ಹೇಳಿದ ಉತ್ತರದ ಪೂರ್ತಿ ಆವೃತ್ತಿ. ಗೇಮ್ ಆಡದವರಿಗೂ ಇದರಲ್ಲಿ ಒಂದೆರಡು ವಿಷಯ ಇದೆ ಅನ್ನೋದು ನನ್ನ ನಂಬಿಕೆ. 'ಸ್ಕಿಲ್ ಇದ್ರೆ ಎಲ್ಲಾ ಸಿಗುತ್ತೆ' ಅನ್ನೋ ಮಾತು ದಿನಾ ಕೇಳುವ ತಲೆಮಾರು ನಮ್ಮದು. ಆ ಮಾತು ನಿಜಕ್ಕೂ ನಿಜವಾಗಿರುವ ಒಂದು ಜಗತ್ತು ಹೇಗಿರುತ್ತೆ ಅಂತ ನೋಡೋಣ.

ಇದು ಯಾವ ಗೇಮ್?

ಮೂಲ ರೂನ್‌ಸ್ಕೇಪ್ ಶುರುವಾಗಿದ್ದು 2001ರ ಜನವರಿಯಲ್ಲಿ. ಇಂಗ್ಲೆಂಡಿನ ಆಂಡ್ರೂ ಗೋವರ್ ತನ್ನ ಸಹೋದರನ ಜೊತೆ ಸೇರಿ ಕಟ್ಟಿದ್ದು. ಆಮೇಲೆ ಕೇಂಬ್ರಿಡ್ಜ್‌ನ ಜಾಗೆಕ್ಸ್ ಕಂಪನಿ ಅದನ್ನು ಬೆಳೆಸಿತು. ವರ್ಷಗಳು ಕಳೆದಂತೆ ಗೇಮ್ ಎಷ್ಟು ಬದಲಾಯ್ತು ಅಂದ್ರೆ ಹಳೇ ಆಟಗಾರರು ಜಗಳಕ್ಕೆ ನಿಂತರು. 2013ರಲ್ಲಿ ಕಂಪನಿ ಮತದಾನ ನಡೆಸಿತು. ಸುಮಾರು ನಾಲ್ಕೂವರೆ ಲಕ್ಷ ಮತ ಬಿದ್ದವು. 2007ರ ಆಗಸ್ಟ್‌ನ ಒಂದು ಹಳೇ ಪ್ರತಿಯನ್ನು ಹೊರತೆಗೆದು ಪ್ರತ್ಯೇಕ ಗೇಮ್ ಆಗಿ ಬಿಟ್ಟರು. ಅದೇ ಓಲ್ಡ್ ಸ್ಕೂಲ್. 2018ರಿಂದ ಮೊಬೈಲ್‌ನಲ್ಲೂ ಆಡಬಹುದು, ನಮ್ಮಂಥವರ ಕೈಗೆ ಅದು ಸಿಕ್ಕಿದ್ದು ಹಾಗೆ. ಹಳೇ ಫೋನಿನಲ್ಲೂ ನಡೆಯುತ್ತೆ.

ಬೇರೆ ಎಷ್ಟೋ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಮೊದಲೇ ನೀವು ಯೋಧನೋ, ಮಾಂತ್ರಿಕನೋ, ಬಿಲ್ಲುಗಾರನೋ ಅಂತ ಆರಿಸಬೇಕು. ಆ ಆಯ್ಕೆ ಜನ್ಮಪೂರ್ತಿ ಅಂಟಿಕೊಳ್ಳುತ್ತೆ. ಇಲ್ಲಿ ಹಾಗಿಲ್ಲ. ಇಲ್ಲಿ ಹುಟ್ಟಿನಿಂದ ಬರುವ ಕಸುಬು ಅನ್ನೋದೇ ಇಲ್ಲ. ಒಂದೇ ಪಾತ್ರ ಮೀನು ಹಿಡಿಯಬಹುದು, ಕಮ್ಮಾರಿಕೆ ಮಾಡಬಹುದು, ಮಂತ್ರವನ್ನೂ ಹಾಕಬಹುದು. ಹಿಟ್‌ಪಾಯಿಂಟ್ಸ್ ಅನ್ನೋ ಜೀವಶಕ್ತಿ 10ರಿಂದ ಶುರು, ಉಳಿದದ್ದೆಲ್ಲ 1ರಿಂದ. ಯಾವುದನ್ನು ಮಾಡ್ತೀರೋ ಅದರಲ್ಲಿ ಅನುಭವದ ಅಂಕ ಬೀಳುತ್ತೆ. ಆಟಗಾರರು ಅದನ್ನು ಎಕ್ಸ್‌ಪಿ ಅಂತಾರೆ.

ಹಾಗಾಗಿ ಇಲ್ಲಿ 'ಯಾವ ಸ್ಕಿಲ್' ಅನ್ನೋದಕ್ಕಿಂತ 'ಯಾವುದು ಮೊದಲು, ಎಷ್ಟರವರೆಗೆ' ಅನ್ನೋದು ಸರಿಯಾದ ಪ್ರಶ್ನೆ. ಇಲ್ಲಿ ನೀವು ಖರ್ಚು ಮಾಡೋದು ನಿಮ್ಮ ಸಮಯವನ್ನು.

ಒಂದು ಲೆಕ್ಕ ನೋಡಿಕೊಳ್ಳಿ

ಇದೊಂದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗೀತು. ಪ್ರತಿ ಸ್ಕಿಲ್‌ನ ಗರಿಷ್ಠ ಲೆವೆಲ್ 99. ಅದಕ್ಕೆ ಬೇಕಾದ ಎಕ್ಸ್‌ಪಿ 1,30,34,431. ಅದರ ಅರ್ಧ ಅಂದ್ರೆ ಲೆವೆಲ್ 50 ಅಂದುಕೊಳ್ಳಬೇಡಿ. ಅರ್ಧ ಬರೋದು ಲೆವೆಲ್ 92ಕ್ಕೆ! ಹೆಚ್ಚುಕಮ್ಮಿ ಪ್ರತಿ ಏಳು ಲೆವೆಲ್‌ಗೆ ಒಮ್ಮೆ ಬೇಕಾದ ಅಂಕ ಎರಡು ಪಟ್ಟಾಗುತ್ತೆ. ಮೇಲೆ ಹೋದಷ್ಟೂ ಮೆಟ್ಟಿಲು ಎತ್ತರ.

ಇದನ್ನೇ ಕೆಳಗಿನಿಂದ ನೋಡಿ. ಲೆವೆಲ್ 1ರಿಂದ 30ಕ್ಕೆ ಬೇಕಾಗಿದ್ದು ಬರೀ 13,363. ಹತ್ತು ಸ್ಕಿಲ್‌ಗಳನ್ನು ಶೂನ್ಯದಿಂದ 30ಕ್ಕೆ ತರೋಕೆ 1,33,630 ಸಾಕು. ಒಂದೇ ಸ್ಕಿಲ್ ಅನ್ನು 53ಕ್ಕೆ ತರೋಕೆ 1,36,594 ಬೇಕು. ನಾನು ಮರ ಕಡಿದು ಗಳಿಸಿದ ಲೆವೆಲ್ 60 ಅಂದ್ರೆ 2,73,742 ಎಕ್ಸ್‌ಪಿ. ಅಷ್ಟರಲ್ಲಿ ಇಪ್ಪತ್ತು ಸ್ಕಿಲ್‌ಗಳನ್ನು 30ಕ್ಕೆ ತರಬಹುದಿತ್ತು! ಎಲ್ಲಾ ಸ್ಕಿಲ್‌ನಲ್ಲೂ ಗಂಟೆಗೆ ಒಂದೇ ವೇಗದಲ್ಲಿ ಅಂಕ ಬರಲ್ಲ ನಿಜ, ಆದರೆ ಮಾತಿನ ಅರ್ಥ ಬದಲಾಗಲ್ಲ.

ಹೊಸಬರಿಗೆ ಮೊದಲ ನಿಯಮ ಇದು: ಶುರುವಿನಲ್ಲಿ ಅಗಲಕ್ಕೆ ಬೆಳೀರಿ, ಎತ್ತರಕ್ಕಲ್ಲ. ಕೆಳಗಿನ ಲೆವೆಲ್‌ಗಳು ತುಂಬಾ ಅಗ್ಗ, ಆ ಅಗ್ಗದ ಲೆವೆಲ್‌ಗಳೇ ಗೇಮ್‌ನ ಹೆಚ್ಚಿನ ಬಾಗಿಲುಗಳನ್ನು ತೆಗೆಯೋದು.

ಹೊಡೆದಾಟ: ಮೂರರಲ್ಲಿ ಯಾವುದಕ್ಕೆ ಹಾಕೋದು?

ಕತ್ತಿ ಹಿಡಿದು ಹೊಡೆಯುವಾಗ ಮೂರು ಸ್ಕಿಲ್ ಬೆಳೆಯಬಹುದು. ಅಟ್ಯಾಕ್ ಅಂದ್ರೆ ಏಟು ತಾಗುವ ಸಾಧ್ಯತೆ, ಜೊತೆಗೆ ಒಳ್ಳೇ ಆಯುಧ ಹಿಡಿಯುವ ಅರ್ಹತೆ. ಸ್ಟ್ರೆಂಗ್ತ್ ಅಂದ್ರೆ ತಾಗಿದಾಗ ಎಷ್ಟು ಜೋರಾಗಿ ತಾಗುತ್ತೆ ಅನ್ನೋದು. ಡಿಫೆನ್ಸ್ ಅಂದ್ರೆ ಎದುರಾಳಿಯ ಏಟು ತಪ್ಪಿಸಿಕೊಳ್ಳೋದು, ಒಳ್ಳೇ ಕವಚ ತೊಡುವ ಅರ್ಹತೆ. ಹಿಟ್‌ಪಾಯಿಂಟ್ಸ್ ತಾನಾಗಿಯೇ ಜೊತೆಗೆ ಏರುತ್ತೆ.

ಯಾವುದಕ್ಕೆ ಅಂಕ ಹೋಗಬೇಕು ಅನ್ನೋದನ್ನು ಆರಿಸೋದು ನೀವೇ, ಹೊಡೆದಾಟದ ಟ್ಯಾಬ್‌ನಲ್ಲಿ. ಹೊಸಬರು ಇದನ್ನು ನೋಡೋದೇ ಇಲ್ಲ. ಶುರುವಿನಲ್ಲಿ ಏನಿತ್ತೋ ಅದರಲ್ಲೇ ನೂರು ಹಸು ಹೊಡೆದು, ಆಮೇಲೆ ಅಟ್ಯಾಕ್ ಮಾತ್ರ ಏರಿದೆ, ಉಳಿದದ್ದು 1ರಲ್ಲೇ ಇದೆ ಅಂತ ತಲೆ ಚಚ್ಚಿಕೊಳ್ಳುತ್ತಾರೆ. ಗಳಿಸಿದ ಅಂಕವನ್ನು ಒಂದು ಸ್ಕಿಲ್‌ನಿಂದ ಕಿತ್ತು ಇನ್ನೊಂದಕ್ಕೆ ಹಾಕೋಕೆ ಆಗಲ್ಲ.

ಆಯುಧದ ಮೆಟ್ಟಿಲು ನೆನಪಿರಲಿ: ಕಂಚು, ಕಬ್ಬಿಣ ಲೆವೆಲ್ 1ಕ್ಕೆ, ಉಕ್ಕು 5ಕ್ಕೆ, ಮಿತ್ರಿಲ್ 20ಕ್ಕೆ, ಅಡಮಂಟ್ 30ಕ್ಕೆ, ರೂನ್ 40ಕ್ಕೆ. ಹಾಗಾಗಿ ಅಟ್ಯಾಕ್ ಅನ್ನು ಮುಂದಿನ ಮೆಟ್ಟಿಲಿಗೆ ತನ್ನಿ, ಹೊಸ ಆಯುಧ ಹಿಡೀರಿ, ಆಮೇಲೆ ಸ್ಟ್ರೆಂಗ್ತ್ ಅನ್ನು ಅಷ್ಟೇ ಎತ್ತರಕ್ಕೆ ತನ್ನಿ, ಕೊನೆಗೆ ಡಿಫೆನ್ಸ್. ಹೀಗೆ 20, 30, 40 ಅಂತ ಮೂರನ್ನೂ ಜೊತೆಜೊತೆಯಾಗಿ ಏರಿಸಿ. ಕೆಲವರು ಡಿಫೆನ್ಸ್ ಅನ್ನು ಬೇಕಂತಲೇ 1ರಲ್ಲಿ ಬಿಟ್ಟಿರುತ್ತಾರೆ, ಅವರನ್ನು ಪ್ಯೂರ್ ಅಂತಾರೆ. ಅದು ಬೇರೆ ಆಟಗಾರರ ಜೊತೆ ಹೊಡೆದಾಡೋಕೆ ಮಾಡಿಕೊಂಡ ಲೆಕ್ಕಾಚಾರ. ಮೊದಲ ಖಾತೆಯಲ್ಲಿ ಅದಕ್ಕೆ ಕೈ ಹಾಕಬೇಡಿ.

ಇನ್ನೆರಡು ದಾರಿ ಬಿಲ್ಲು ಮತ್ತು ಮಂತ್ರ. ಮೂರರ ನಡುವೆ ಕಲ್ಲು-ಕಾಗದ-ಕತ್ತರಿ ಸಂಬಂಧ ಇದೆ. ಕತ್ತಿಯವನು ಬಿಲ್ಲುಗಾರನ ಮೇಲೆ, ಬಿಲ್ಲುಗಾರ ಮಂತ್ರವಾದಿಯ ಮೇಲೆ, ಮಂತ್ರವಾದಿ ಕತ್ತಿಯವನ ಮೇಲೆ ಭಾರಿ. ಬೇಲಿಯ ಈಚೆ ನಿಂತು, ಆಚೆ ಇರುವ, ಕತ್ತಿ ಮಾತ್ರ ಬೀಸಬಲ್ಲ ಪ್ರಾಣಿಗೆ ಬಾಣ ಬಿಡಬಹುದು. ಅದು ನಿಮ್ಮನ್ನು ಮುಟ್ಟೋಕಾಗಲ್ಲ. ಊಟಕ್ಕೆ ಕಾಸಿಲ್ಲದ ಹೊಸಬರಿಗೆ ಇದು ವರದಾನ.

ಮ್ಯಾಜಿಕ್ ಬಗ್ಗೆ ಒಂದು ಕಿವಿಮಾತು. ಪ್ರತಿ ಮಂತ್ರಕ್ಕೂ ರೂನ್ ಅನ್ನೋ ಕಲ್ಲು ಖರ್ಚಾಗುತ್ತೆ, ಹಾಗಾಗಿ ದುಬಾರಿ ಅಂತ ಜನ ಬಿಟ್ಟುಬಿಡ್ತಾರೆ. ಬಿಡಬೇಡಿ. ಲೆವೆಲ್ 25ಕ್ಕೆ ವ್ಯಾರಕ್‌ಗೆ, 31ಕ್ಕೆ ಲಮ್‌ಬ್ರಿಡ್ಜ್‌ಗೆ, 37ಕ್ಕೆ ಫಾಲಡೋರ್‌ಗೆ ಕಣ್ಣು ಮುಚ್ಚಿ ಬಿಡೋದರಲ್ಲಿ ಹೋಗಿ ಇಳಿಯಬಹುದು. ಈ ಗೇಮ್‌ನಲ್ಲಿ ಹೊಸಬರ ಸಮಯ ಹೆಚ್ಚು ಹಾಳಾಗೋದು ನಡೆಯೋದರಲ್ಲೇ. ಪ್ರಯಾಣದ ಸಮಯ ಉಳಿಸೋದು ಕೂಡ ಒಂದು ಸ್ಕಿಲ್. ಬೆಂಗಳೂರಿನಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಂದ ಪ್ರಾಣಿಯ ಮೂಳೆಯನ್ನು ಅಲ್ಲೇ ಬಿಟ್ಟು ಹೋಗಬೇಡಿ, ಹೂತುಹಾಕಿ. ಪ್ರೇಯರ್ ಅನ್ನೋ ಸ್ಕಿಲ್ ಹಾಗೇ ಬೆಳೆಯೋದು. 37, 40, 43ಕ್ಕೆ ಕ್ರಮವಾಗಿ ಮಂತ್ರ, ಬಾಣ, ಕತ್ತಿಯಿಂದ ಕಾಪಾಡುವ ಪ್ರಾರ್ಥನೆಗಳು ತೆರೆಯುತ್ತವೆ. 43 ಆದಮೇಲೆ ಗೇಮ್ ಬೇರೆಯದೇ ಗೇಮ್ ಅನ್ನಿಸುತ್ತೆ.

ಜೋಡಿ ಕಸುಬುಗಳು

ಹೊಡೆದಾಟ ಬಿಟ್ಟರೆ ಉಳಿದ ಬಹುತೇಕ ಸ್ಕಿಲ್‌ಗಳು ಜೋಡಿಯಾಗಿ ಬರ್ತವೆ. ಒಂದು ಕಚ್ಚಾ ವಸ್ತು ತರೋದು, ಇನ್ನೊಂದು ಅದನ್ನು ಬಳಸೋದು. ಮೀನು ಹಿಡಿಯೋದು ಮತ್ತು ಅಡುಗೆ. ಗಣಿ ಮತ್ತು ಕಮ್ಮಾರಿಕೆ. ಮರ ಕಡಿಯೋದು ಮತ್ತು ಬೆಂಕಿ ಹಾಕೋದು.

ಮೊದಲು ಹಿಡಿಯಬೇಕಾದ ಜೋಡಿ ಮೀನು-ಅಡುಗೆ. ಯಾಕಂದ್ರೆ ಹೊಡೆದಾಟದಲ್ಲಿ ಹೋದ ಜೀವಶಕ್ತಿಯನ್ನು ವಾಪಸ್ ತರೋದು ಊಟ. ಸೀಗಡಿಯಿಂದ ಶುರು ಮಾಡಿ, ಫಿಶಿಂಗ್ 20 ಆದಮೇಲೆ ಬಾರ್ಬೇರಿಯನ್ ಹಳ್ಳಿಯ ಹೊಳೆಗೆ ಹೋಗಿ ಟ್ರೌಟ್ ಹಿಡೀರಿ. ಅದಕ್ಕೆ ಗಾಳದ ಜೊತೆ ಗರಿ ಬೇಕು, ಗರಿ ಕೋಳಿ ಹೊಡೆದಾಗಲೇ ಸಿಕ್ಕಿರುತ್ತೆ. 30ಕ್ಕೆ ಅದೇ ಜಾಗದಲ್ಲಿ ಸಾಲ್ಮನ್ ಕೂಡ ಬೀಳುತ್ತೆ. ಹಸುವಿನ ಚರ್ಮವನ್ನು ಅಲ್ ಖರೀದ್ ಊರಿನಲ್ಲಿ ಹದ ಮಾಡಿಸಿ ಕೈಗವಸು ಹೊಲಿದರೆ ಕ್ರಾಫ್ಟಿಂಗ್ ಕೂಡ ಶುರುವಾಯ್ತು.

ನಾನು ಮಾಡಿದ ತಪ್ಪು ಇಲ್ಲೇ. ಜೋಡಿಯಲ್ಲಿ ಒಂದನ್ನೇ ಎಳೆದೆ. ಬ್ಯಾಂಕಿನ ತುಂಬಾ ಮರದ ದಿಮ್ಮಿ, ಅದರಿಂದ ಮಾಡೋಕೆ ಬೇರೆ ಸ್ಕಿಲ್ ಇಲ್ಲ. ಮಾರಿಬಿಡೋಣ ಅಂದ್ರೆ, ಹೊಸ ಉಚಿತ ಖಾತೆಗಳಿಗೆ ಕೆಲವು ಸರಕನ್ನು ಮಾರೋಕೆ ಶುರುವಿನಲ್ಲಿ ನಿರ್ಬಂಧ. ಯಂತ್ರದಿಂದ ಆಡಿಸಿ ದುಡ್ಡು ಮಾಡುವವರನ್ನು ತಡೆಯೋಕೆ ಇಟ್ಟ ನಿಯಮ ಅದು. ಏಟು ಬೀಳೋದು ನಿಯತ್ತಿನ ಹೊಸಬನಿಗೂ.

ಬೆವರು ಸುರಿಸುವ ಮೊದಲು ಕ್ವೆಸ್ಟ್ ನೋಡಿ

ಇದು ಯಾರೂ ನನಗೆ ಹೇಳದೇ ಇದ್ದ ಗುಟ್ಟು. ಕಥೆಯ ರೂಪದ ಕೆಲಸಗಳನ್ನು ಕ್ವೆಸ್ಟ್ ಅಂತಾರೆ. ಅವು ಕೊಡುವ ಎಕ್ಸ್‌ಪಿ ಕೆಳಗಿನ ಲೆವೆಲ್‌ಗಳನ್ನು ಒಂದೇ ಜಿಗಿತದಲ್ಲಿ ದಾಟಿಸುತ್ತೆ.

ಒಂದು ಸರಪಳಿ ನೋಡಿ. ಫಾಲಡೋರ್‌ನ ಉತ್ತರಕ್ಕೆ ಡೋರಿಕ್ ಅನ್ನೋ ಕುಳ್ಳ ಇದ್ದಾನೆ. ಅವನಿಗೆ ಆರು ಜೇಡಿಮಣ್ಣು, ನಾಲ್ಕು ತಾಮ್ರದ ಅದಿರು, ಎರಡು ಕಬ್ಬಿಣದ ಅದಿರು ಕೊಟ್ಟರೆ 1,300 ಎಕ್ಸ್‌ಪಿ ಸಿಕ್ಕಿ ಮೈನಿಂಗ್ ನೇರ 10ಕ್ಕೆ ಹೋಗುತ್ತೆ. ಕಬ್ಬಿಣ ಅಗೆಯೋಕೆ ಮೈನಿಂಗ್ 15 ಬೇಕು, ಹಾಗಾಗಿ ಅದನ್ನು ವ್ಯಾರಕ್‌ನ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಕೊಂಡುಕೊಳ್ಳಿ. ಮೈನಿಂಗ್ 10 ಆದ್ರೆ ನೈಟ್ಸ್ ಸೋರ್ಡ್ ಅನ್ನೋ ಕ್ವೆಸ್ಟ್ ಮಾಡಬಹುದು. ಅದು ಕೊಡೋದು 12,725 ಎಕ್ಸ್‌ಪಿ, ಅಂದ್ರೆ ಕಮ್ಮಾರಿಕೆ 1ರಿಂದ 29! ಹಿಮದ ಗುಹೆಯಲ್ಲಿ ದೈತ್ಯರು ಅಟ್ಟಿಸಿಕೊಂಡು ಬರ್ತಾರೆ, ಊಟ ಕಟ್ಟಿಕೊಂಡು ಹೋಗಿ, ಓಡ್ತಾನೇ ಇರಿ. ಗಂಟೆಗಟ್ಟಲೆ ಸುತ್ತಿಗೆ ಬಡಿಯೋದು ತಪ್ಪುತ್ತೆ. ರೆಸ್ಟ್‌ಲೆಸ್ ಘೋಸ್ಟ್ ಮಾಡಿದರೆ ಪ್ರೇಯರ್ 1ರಿಂದ 9. ಈ ಮೂರೂ ಉಚಿತ.

ಸದಸ್ಯತ್ವ ಇರೋರಿಗೆ ವಾಟರ್‌ಫಾಲ್ ಕ್ವೆಸ್ಟ್ ಇದೆ. ಅದನ್ನು ಶುರು ಮಾಡೋಕೆ ಯಾವ ಲೆವೆಲ್ ಕೂಡ ಬೇಕಿಲ್ಲ. ಮುಗಿಸಿದರೆ ಅಟ್ಯಾಕ್‌ಗೆ 13,750, ಸ್ಟ್ರೆಂಗ್ತ್‌ಗೆ 13,750. ಎರಡೂ 1ರಿಂದ 30. ನಾನು ವಾರಗಟ್ಟಲೆ ಮಾಡಬೇಕಾಗಿದ್ದನ್ನು ಗೊತ್ತಿರುವವರು ಒಂದು ಸಂಜೆಯಲ್ಲಿ ಮುಗಿಸ್ತಾರೆ.

ಈ 'ಗೊತ್ತಿರುವವರು' ಅನ್ನೋ ಪದದ ಹತ್ತಿರ ಸ್ವಲ್ಪ ನಿಲ್ಲೋಣ.

ಸಮಾನ ಆರಂಭ ಅನ್ನೋದು ಅರ್ಧಸತ್ಯ

ಪರದೆಯ ಮೇಲೆ ಎಲ್ಲರೂ ಲೆವೆಲ್ 1. ಆದರೆ ಒಬ್ಬನ ಹಿಂದೆ ಹೇಳಿಕೊಡುವ ಅಣ್ಣ ಇರ್ತಾನೆ, ಇಂಗ್ಲಿಷ್ ಗೈಡ್ ಓದುವ ಅಭ್ಯಾಸ ಇರುತ್ತೆ, ಸದಸ್ಯತ್ವಕ್ಕೆ ಕಟ್ಟೋಕೆ ಕಾರ್ಡ್ ಇರುತ್ತೆ. ಉಚಿತ ಖಾತೆಗೆ ಇರೋದು 15 ಸ್ಕಿಲ್. ಓಟದ ದಣಿವು ಬೇಗ ಆರುವಂತೆ ಮಾಡುವ ಅಜಿಲಿಟಿ, ಕಳ್ಳತನ, ಬೇಸಾಯ, ಗಿಡಮೂಲಿಕೆ ಇವೆಲ್ಲ ದುಡ್ಡು ಕಟ್ಟಿದವರಿಗೆ. ದುಡ್ಡಿಲ್ಲದವರಿಗೂ ಒಂದು ದಾರಿ ಇದೆ. ಯಾರೋ ನಿಜವಾದ ದುಡ್ಡು ಕೊಟ್ಟು ಕೊಂಡ 'ಬಾಂಡ್' ಅನ್ನು ನೀವು ಗೇಮ್‌ನ ಚಿನ್ನ ಕೊಟ್ಟು ಕೊಂಡುಕೊಳ್ಳಬಹುದು. ಅಂದ್ರೆ ಅವರ ದುಡ್ಡು, ನಿಮ್ಮ ಗಂಟೆಗಳು. ಈ ವಿನಿಮಯ ಎಲ್ಲಿಯದು ಅಂತ ನಮಗೆಲ್ಲ ಗೊತ್ತು.

ಇದರ ಕಟು ರೂಪ ಕಂಡಿದ್ದು ವೆನೆಜುವೆಲಾದಲ್ಲಿ. 2017ರ ಆಸುಪಾಸಿನಲ್ಲಿ ಅಲ್ಲಿ ಹಣದುಬ್ಬರ ಹುಚ್ಚು ಹಿಡಿದಿತ್ತು, ಸಂಬಳ ಕೈಗೆ ಬರುವಷ್ಟರಲ್ಲಿ ಅದಕ್ಕೆ ಬೆಲೆ ಇರುತ್ತಿರಲಿಲ್ಲ. ಆಗ ಅನೇಕರು ಇದೇ ಗೇಮ್‌ನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಮೂಳೆ ಚರ್ಮ ಮಾರಿ, ಬಂದ ಚಿನ್ನವನ್ನು ಹೊರಗಿನವರಿಗೆ ಡಾಲರ್‌ಗೆ ಮಾರಿ ಮನೆ ನಡೆಸಿದರು. ಅದು ಗೇಮ್‌ನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಖಾತೆಯೇ ರದ್ದು. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಕೆಲವು ಆಟಗಾರರು ವೆನೆಜುವೆಲಾದವರನ್ನು ಗುರುತಿಸಿ ಬೇಟೆಯಾಡೋದು ಹೇಗೆ ಅಂತ ಕೈಪಿಡಿ ಮಾಡಿ ಹಂಚಿದರು. ಒಬ್ಬರಿಗೆ ಸಂಜೆಯ ಮಜಾ, ಇನ್ನೊಬ್ಬರಿಗೆ ರಾತ್ರಿಯ ಊಟ. ನಾನು 'ಯಾವ ಸ್ಕಿಲ್ ಮಜಾ ಇದೆ' ಅಂತ ಯೋಚಿಸುತ್ತಿದ್ದ ಅದೇ ಪರದೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ 'ಯಾವುದರಲ್ಲಿ ಗಂಟೆಗೆ ಎಷ್ಟು ಕಾಸು' ಅನ್ನೋದು.

ಸ್ಕಿಲ್ ಯಾವುದು ಅಂತ ತೀರ್ಮಾನಿಸೋರು ಯಾರು?

ಇಲ್ಲಿ ಒಂದು ಒಳ್ಳೇ ಸಂಗತಿಯೂ ಇದೆ. ಈ ಗೇಮ್‌ಗೆ ದೊಡ್ಡದೇನಾದರೂ ಸೇರಿಸಬೇಕಾದರೆ ಆಟಗಾರರ ಮತ ಕೇಳ್ತಾರೆ. ಮೊದಲು 75 ಶೇಕಡಾ ಬೇಕಿತ್ತು. 2019ರಲ್ಲಿ ವಾರ್ಡಿಂಗ್ ಅನ್ನೋ ಹೊಸ ಸ್ಕಿಲ್ ಆ ಗೆರೆ ಮುಟ್ಟದೆ ಬಿದ್ದುಹೋಯ್ತು. 2022ರಲ್ಲಿ ಗೆರೆಯನ್ನು 70ಕ್ಕೆ ಇಳಿಸಿದರು. 2023ರಲ್ಲಿ ಸೇಲಿಂಗ್, ಅಂದ್ರೆ ಹಡಗು ನಡೆಸುವ ಸ್ಕಿಲ್, 70ರ ಮೇಲೆ ಆದರೆ 75ರ ಕೆಳಗೆ ಮತ ಪಡೆದು ಪಾಸಾಯ್ತು. 2025ರ ನವೆಂಬರ್‌ನಲ್ಲಿ 24ನೇ ಸ್ಕಿಲ್ ಆಗಿ ಬಂತು. ಗೆರೆ ಇಳಿಯದೇ ಇದ್ದಿದ್ದರೆ ಸಮುದ್ರ ಇವತ್ತೂ ಖಾಲಿ ಇರ್ತಿತ್ತು. ನಿಯಮ ಬರೆಯುವವನ ಕೈಯಲ್ಲಿ ಅರ್ಧ ಫಲಿತಾಂಶ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಸರಳ ಪಾಠ ಬೇಕಾ? ಜೊತೆಗೆ ಇದನ್ನೂ ಮರೆಯೋಹಾಗಿಲ್ಲ, ಮತದ ಹಕ್ಕು ದುಡ್ಡು ಕಟ್ಟಿದ ಸದಸ್ಯರದ್ದು.

ಆದರೂ ಒಂದು ಹೋಲಿಕೆ ತಲೆಯಿಂದ ಹೋಗಲ್ಲ. 2015ರಲ್ಲಿ ಸ್ಕಿಲ್ ಇಂಡಿಯಾ ಶುರುವಾದಾಗಿನಿಂದ ನಮಗೆ ಹೇಳ್ತಾ ಬಂದಿರೋದು ಒಂದೇ: ನಿಮಗೆ ಕೆಲಸ ಇಲ್ಲ ಅಂದ್ರೆ ಸ್ಕಿಲ್ ಇಲ್ಲ ಅಂತ ಅರ್ಥ. ಯಾವ ಸ್ಕಿಲ್‌ಗೆ ಬೆಲೆ, ಎಷ್ಟು ಬೆಲೆ ಅಂತ ತೀರ್ಮಾನಿಸುವಾಗ ನಮ್ಮನ್ನು ಯಾರೂ ಕೇಳಿಲ್ಲ. ಗೇಮ್‌ನಲ್ಲಿ ಒಂದು ಸಾದಾ ಮರ ಕಡಿದು ದಿಮ್ಮಿ ಬಿದ್ದರೆ 25 ಎಕ್ಸ್‌ಪಿ, ಅದು ಗ್ಯಾರಂಟಿ. ಇವತ್ತೂ 25, ನಾಳೆಯೂ 25. ನಾನು ಹಾಕಿದ ಅರ್ಜಿಗಳಿಗೆ ಉತ್ತರವೇ ಬರ್ತಿರಲಿಲ್ಲ. ನಾನ್ಯಾಕೆ ವಾರಗಟ್ಟಲೆ ಮರ ಕಡಿದೆ ಅನ್ನೋದು ನನಗೆ ಅರ್ಥ ಆಗಿದ್ದು ಆಮೇಲೆ. ಆ ತಿಂಗಳುಗಳಲ್ಲಿ ನನ್ನ ಶ್ರಮವನ್ನು ಲೆಕ್ಕ ಇಟ್ಟಿದ್ದು ಅದೊಂದೇ ಜಾಗ. ಸೋಮಾರಿತನ ಅಂತ ಮನೆಯವರು ಬೈದರು. ಬೈಗುಳ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ.

ತಮ್ಮನಿಗೆ ಹೇಳಿದ್ದು

ಕೊನೆಗೆ ಅವನಿಗೆ ಕೊಟ್ಟ ಪಟ್ಟಿ ಹೀಗಿತ್ತು. ಮೊದಲು ಕೋಳಿ, ಆಮೇಲೆ ಹಸು, ಅಟ್ಯಾಕ್-ಸ್ಟ್ರೆಂಗ್ತ್-ಡಿಫೆನ್ಸ್ ಮೂರೂ 20. ಮೂಳೆ ಹೂಳೋದು ಮರೀಬೇಡ. ನಡುನಡುವೆ ಮೀನು-ಅಡುಗೆ 20ರವರೆಗೆ. ರೆಸ್ಟ್‌ಲೆಸ್ ಘೋಸ್ಟ್, ಡೋರಿಕ್, ನೈಟ್ಸ್ ಸೋರ್ಡ್, ಇದೇ ಕ್ರಮದಲ್ಲಿ. ಮ್ಯಾಜಿಕ್ 25 ಆಗುವವರೆಗೆ ಬೇರೆ ಯಾವುದನ್ನೂ 40ರ ಮೇಲೆ ಎಳೀಬೇಡ. ಅಷ್ಟು ಆದಮೇಲೆ ಯಾವುದು ಇಷ್ಟ ಆಯ್ತೋ ಅದನ್ನು ಹಿಡಿ, ಇಂಟರ್ನೆಟ್ ಗೈಡ್ ಹೇಳುವ 'ಅತಿ ವೇಗದ ದಾರಿ' ಬೋರ್ ಹೊಡೆದರೆ ಬಿಟ್ಟುಬಿಡು. ಯಾರಾದರೂ ನಿನ್ನ ಕವಚಕ್ಕೆ ಚಿನ್ನದ ಅಂಚು ಹಾಕಿಕೊಡ್ತೀನಿ ಕೊಡು ಅಂದ್ರೆ ಕೊಡಬೇಡ, ವಾಪಸ್ ಬರಲ್ಲ. ದಿನಕ್ಕೆ ಒಂದೂವರೆ ಗಂಟೆ, ಅಲಾರಂ ಇಟ್ಟುಕೊಂಡು.

ಅವನು ಎಲ್ಲಾ ಬರೆದುಕೊಂಡ. ಫೋನ್ ಇಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಣ್ಣಾ, ಆವಾಗ ಹೇಳಿದ್ಯಲ್ಲ, ಪೈಥಾನ್. ಅದನ್ನ ಕಲಿತ್ರೆ ಕೆಲಸ ಗ್ಯಾರಂಟಿನಾ?"

ಮರಕ್ಕೆ 25 ಅಂತ ಹೇಳಿದಷ್ಟು ಸಲೀಸಾಗಿ ಅದಕ್ಕೆ ಉತ್ತರ ಕೊಡೋಕೆ ನನಗೆ ಆಗಲಿಲ್ಲ. "ಕಲಿ, ಆದರೆ ಸಿಗದಿದ್ರೆ ತಪ್ಪು ನಿಂದೇ ಅಂತ ಅಂದುಕೋಬೇಡ" ಅಂದೆ. ಅವನಿಗೆ ಕೊಡಬಹುದಾಗಿದ್ದ ಪ್ರಾಮಾಣಿಕ ಗೈಡ್ ಅಷ್ಟೇ.